ದಾವೀದನು ಕುಡಿಯದೆ ಸುರಿದ ನೀರು: ಸೈನಿಕನ ಬಲಿದಾನ, ಸ್ವಾತಂತ್ರ್ಯ ಮತ್ತು ಕ್ರೈಸ್ತ ವಿಶ್ವಾಸ

ಸ್ನೇಹಿತರಿಗಾಗಿ ಪ್ರಾಣವನ್ನೇ ಕೊಡುವ ಪ್ರೀತಿಗಿಂತ ಹೆಚ್ಚಿನ ಪ್ರೀತಿ ಯಾವುದೂ ಇಲ್ಲ ಎಂಬ ಯೇಸುವಿನ ಮಾತು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿದೆ. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದ ನಂತರ ಎದ್ದುನಿಂತ ಎಷ್ಟೋ ಸ್ಮಾರಕಗಳ ಕಲ್ಲಿನ ಮೇಲೆ, ದೇವಾಲಯಗಳ ಗೋಡೆಗೆ ಬಿಗಿದ ಲೋಹದ ಫಲಕಗಳ ಮೇಲೆ, ಮಡಿದವರ ಹೆಸರುಗಳ ಜೊತೆಯಲ್ಲಿ ಈ ವಚನವನ್ನು ಕೆತ್ತಿಸಿದರು. ಸೈನಿಕರ ಸ್ಮರಣೆಯ ಆರಾಧನೆಗಳಲ್ಲಿ ಇಂದಿಗೂ ಅದನ್ನು ಓದುತ್ತಾರೆ. ಹಾಗೆ ಓದುವುದು ತಪ್ಪೆಂದು ನಾನು ಹೇಳಲಾರೆ. ತನ್ನ ತುಕಡಿಯ ನಡುವೆ ಬಂದು ಬಿದ್ದ ಗ್ರೆನೇಡಿನ ಮೇಲೆ ಮೈಚೆಲ್ಲಿ ಜೊತೆಯವರನ್ನು ಉಳಿಸಿದವನ ಸಾವಿಗೆ ಈ ಮಾತು ಒಪ್ಪದಿದ್ದರೆ ಮನುಷ್ಯರ ಬೇರೆ ಯಾವ ಸಾವಿಗೂ ಒಪ್ಪಲಾರದು. ಆದರೆ ಅದನ್ನು ಯಾರು, ಯಾವ ರಾತ್ರಿ, ಏನನ್ನು ಮುಂದಿಟ್ಟುಕೊಂಡು ಹೇಳಿದರು ಎಂಬುದನ್ನು ಬಿಟ್ಟು ವಚನವನ್ನಷ್ಟೇ ಕಲ್ಲಿಗೆ ಏರಿಸಿದಾಗ ಅದರ ಅರ್ಧ ಭಾರ ಇಳಿದುಹೋಗುತ್ತದೆ. ಹೇಳಿದವನು ಮರುದಿನ ಶಿಲುಬೆಗೆ ಹೋಗಲಿದ್ದವನು. ಅದೇ ರಾತ್ರಿ ತೋಟದಲ್ಲಿ ತನ್ನನ್ನು ಹಿಡಿಯಲು ಬಂದಾಗ, ಶಿಷ್ಯನಾದ ಪೇತ್ರನು ಕತ್ತಿ ಹಿರಿದು ಮಹಾಯಾಜಕನ ಆಳಿನ ಕಿವಿಯನ್ನು ಕತ್ತರಿಸಿದಾಗ, ಕತ್ತಿಯನ್ನು ಒರೆಗೆ ಸೇರಿಸು ಎಂದು ತಡೆದವನೂ ಆತನೇ. ಸ್ನೇಹಿತರಿಗಾಗಿ ಪ್ರಾಣ ಕೊಡುವುದನ್ನು ಪ್ರೀತಿಯ ತುತ್ತತುದಿ ಎಂದು ಹೇಳಿದ ಬಾಯಿಯೇ, ತನಗಾಗಿ ಎತ್ತಿದ ಕತ್ತಿಯನ್ನು ಬೇಡವೆಂದಿತು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಕ್ರೈಸ್ತರು ಸೈನಿಕನ ಸಮಾಧಿಯ ಮುಂದೆ ನಿಲ್ಲಬೇಕಾಗಿದೆ, ಮತ್ತು ಇಂದಿನ ಉಪನ್ಯಾಸದ ವಿಷಯವೂ ಅಷ್ಟೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸೈನಿಕನು ತೆತ್ತ ಪ್ರಾಣವನ್ನು ಕ್ರೈಸ್ತ ವಿಶ್ವಾಸವು ಅತ್ಯಂತ ಗಂಭೀರವಾಗಿ ಗೌರವಿಸುತ್ತದೆ. ಆ ಗೌರವದ ಸಲುವಾಗಿಯೇ ಅದನ್ನು ಎರಡನೆಯ ಶಿಲುಬೆಯನ್ನಾಗಿ ಮಾಡಲು ನಿರಾಕರಿಸುತ್ತದೆ. ಆ ಪ್ರಾಣದ ಬೆಲೆಗೆ ದೊರೆತ ಸ್ವಾತಂತ್ರ್ಯವನ್ನು ನಮಗೆ ಬೇಕಾದಂತೆ ಕುಡಿದು ಮುಗಿಸುವ ಹಕ್ಕು ನಮಗಿಲ್ಲ ಎಂದೂ ಹೇಳುತ್ತದೆ. ಕುಡಿಯುವುದು ಎಂಬ ಮಾತನ್ನು ನಾನು ಸಮುವೇಲನ ಎರಡನೆಯ ಗ್ರಂಥದಿಂದ ತೆಗೆದುಕೊಂಡಿದ್ದೇನೆ.

ಆ ಗ್ರಂಥದ 23ನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ ಐದೇ ವಚನಗಳಷ್ಟು ಚಿಕ್ಕದು. ಸುಗ್ಗಿಯ ಕಾಲ. ಇಸ್ರಾಯೇಲ್ಯರ ಅರಸನೆಂದು ಹೆಸರಾದ ದಾವೀದನು ಅದುಲ್ಲಾಮ್ ಗವಿಯ ಕಡೆಯ ದುರ್ಗದಲ್ಲಿದ್ದಾನೆ. ಶತ್ರುಗಳಾದ ಫಿಲಿಷ್ಟಿಯರ ಪಡೆ ರೆಫಾಯೀಮ್ ತಗ್ಗಿನಲ್ಲಿ ಬೀಡುಬಿಟ್ಟಿದೆ. ಅವರ ಕಾವಲು ದಂಡು ದಾವೀದನ ಹುಟ್ಟೂರಾದ ಬೇತ್ಲೆಹೇಮಿನೊಳಗೇ ಕುಳಿತಿದೆ. ಬೇತ್ಲೆಹೇಮಿನ ಬಾಗಿಲ ಬಳಿಯ ಬಾವಿಯ ನೀರನ್ನು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನಾಗಿತ್ತು ಎಂದು ದಾವೀದನು ಬಾಯಿಬಿಟ್ಟು ಹಂಬಲಿಸುತ್ತಾನೆ. ಅದು ಆಜ್ಞೆಯಾಗಿರಲಿಲ್ಲ, ಊರನ್ನು ಕಳೆದುಕೊಂಡವನ ಬಾಯಿಂದ ಜಾರಿದ ಮಾತು. ಆದರೆ ಒಡೆಯನ ಬಾಯಿಂದ ಜಾರಿದ ಮಾತನ್ನೂ ಸೈನಿಕನು ಆಜ್ಞೆಯೆಂದೇ ಕೇಳಿಸಿಕೊಳ್ಳುತ್ತಾನೆ. ಮೂವರು ಯೋಧರು ಶತ್ರುವಿನ ಪಾಳೆಯವನ್ನು ಸೀಳಿಕೊಂಡು ಹೋಗಿ, ಆ ಬಾವಿಯಿಂದ ನೀರು ಸೇದಿ, ಅದನ್ನು ಚೆಲ್ಲದಂತೆ ಹೊತ್ತು ಮತ್ತೆ ಅದೇ ದಾರಿಯಲ್ಲಿ ಜೀವಂತ ಹಿಂದಿರುಗುತ್ತಾರೆ. ದಾವೀದನು ಆ ನೀರನ್ನು ಕುಡಿಯುವುದಿಲ್ಲ. ಅದನ್ನು ಯೆಹೋವನ ಮುಂದೆ ನೆಲಕ್ಕೆ ಹೊಯ್ಯುತ್ತಾನೆ. ಜೀವದ ಹಂಗು ತೊರೆದು ಹೋದ ಮನುಷ್ಯರ ರಕ್ತವಲ್ಲವೇ ಇದು, ಇದನ್ನು ನಾನು ಕುಡಿಯಲೇ ಎಂದು ಕೇಳುತ್ತಾನೆ.

ಮೊದಲ ಓದಿಗೆ ಇದು ಆ ಮೂವರಿಗೆ ಮಾಡಿದ ಅವಮಾನದಂತೆ ಕಾಣಬಹುದು. ಪ್ರಾಣವನ್ನು ಪಣಕ್ಕಿಟ್ಟು ತಂದ ನೀರನ್ನು ಕಣ್ಣೆದುರೇ ಮಣ್ಣುಪಾಲು ಮಾಡಿದರೆ ಅವರಿಗೆ ಹೇಗನ್ನಿಸಿರಬೇಕು ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಸ್ರಾಯೇಲ್ಯರ ಆರಾಧನೆಯಲ್ಲಿ ದೇವರ ಮುಂದೆ ಹೊಯ್ಯುವುದು ಕಾಣಿಕೆ ಸಲ್ಲಿಸುವ ಒಂದು ರೀತಿ. ಪ್ರಾಣಿಯ ರಕ್ತವನ್ನು ಯಾರೂ ತಿನ್ನಬಾರದು, ರಕ್ತದಲ್ಲಿ ಪ್ರಾಣವಿದೆ, ಪ್ರಾಣವು ದೇವರದು ಎಂಬುದು ಯಾಜಕಕಾಂಡದ ಕಟ್ಟಳೆ. ದಾವೀದನು ಆ ಕಟ್ಟಳೆಯನ್ನು ಒಂದು ಪಾತ್ರೆ ನೀರಿಗೆ ಅನ್ವಯಿಸಿದನು. ಈ ನೀರಿಗೆ ತೆತ್ತ ಬೆಲೆ ನನ್ನ ಬಾಯಾರಿಕೆಗಿಂತ ದೊಡ್ಡದು, ಇದನ್ನು ಪಡೆಯುವ ಯೋಗ್ಯತೆ ದೇವರೊಬ್ಬನಿಗೇ ಇದೆ ಎಂದು ಆತನು ಒಪ್ಪಿಕೊಂಡದ್ದರಿಂದ ಆ ಮೂವರ ಸಾಹಸಕ್ಕೆ ಸಿಕ್ಕ ಗೌರವ ಯಾವ ಪದಕಕ್ಕೂ ಮೀರಿದ್ದು. ಆಳುವವನು ಸೈನಿಕರ ತ್ಯಾಗವನ್ನು ತನ್ನ ಹೊಟ್ಟೆಗೆ ಇಳಿಸಿಕೊಳ್ಳಲು ನಾಚಿದ ಒಂದು ಕ್ಷಣವನ್ನು ಶಾಸ್ತ್ರವು ಹೀಗೆ ಬರೆದಿಟ್ಟಿದೆ. ದಾವೀದನ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯುವುದಿಲ್ಲ, ಆ ಇನ್ನೊಂದು ಭಾಗಕ್ಕೆ ಮುಂದೆ ಬರುತ್ತೇನೆ.

ಹೊಸ ಒಡಂಬಡಿಕೆಯು ಸೈನಿಕನನ್ನು ಕೀಳಾಗಿ ಕಾಣುವುದಿಲ್ಲ. ಸ್ನಾನಿಕನಾದ ಯೋಹಾನನ ಬಳಿಗೆ ಬಂದ ಸಿಪಾಯಿಗಳು ನಾವೇನು ಮಾಡಬೇಕೆಂದು ಕೇಳಿದಾಗ, ಯಾರನ್ನೂ ಬೆದರಿಸಿ ಹಣ ಕೀಳಬೇಡಿರಿ, ಸುಳ್ಳು ದೂರು ಹೊರಿಸಬೇಡಿರಿ, ನಿಮಗೆ ಬರುವ ಸಂಬಳ ಸಾಕೆಂದುಕೊಳ್ಳಿರಿ ಎಂದು ಆತನು ಉತ್ತರಿಸಿದನು. ಆಯುಧ ಕೆಳಗಿಡಿ ಎನ್ನಲಿಲ್ಲ. ಕಪೆರ್ನೌಮಿನ ಶತಾಧಿಪತಿಯಲ್ಲಿ ಕಂಡಂಥ ನಂಬಿಕೆಯನ್ನು ಇಸ್ರಾಯೇಲಿನಲ್ಲಿಯೂ ಕಾಣಲಿಲ್ಲವೆಂದು ಯೇಸು ಹೇಳಿದನು. ಯೆಹೂದ್ಯರಲ್ಲದವರೊಳಗೆ ಪೇತ್ರನ ಬೋಧನೆ ಕೇಳಿ ದೀಕ್ಷಾಸ್ನಾನ ಹೊಂದಿದ ಮನೆ ಕೈಸರೈಯದಲ್ಲಿದ್ದ ಕೊರ್ನೇಲ್ಯನೆಂಬ ಶತಾಧಿಪತಿಯದು. ಮಾರ್ಕನ ಸುವಾರ್ತೆಯಲ್ಲಿ ಶಿಲುಬೆಯ ಎದುರು ನಿಂತು ಈ ಮನುಷ್ಯನು ನಿಜವಾಗಿಯೂ ದೇವಕುಮಾರನು ಎಂದವನು ಆ ಮರಣದಂಡನೆಯನ್ನು ನೆರವೇರಿಸಿದ ಪಡೆಯ ಅಧಿಕಾರಿ. ಮೊಳೆ ಹೊಡೆದವರೂ ಬಟ್ಟೆಗೆ ಚೀಟು ಹಾಕಿದವರೂ ಸಿಪಾಯಿಗಳೇ ಎಂಬುದನ್ನು ಸುವಾರ್ತೆಗಳು ಮುಚ್ಚಿಡುವುದಿಲ್ಲ.

ಮೊದಲ ಶತಮಾನಗಳ ಕ್ರೈಸ್ತ ಸಭೆಗೆ ಸೈನ್ಯವು ಸುಲಭವಾದ ಪ್ರಶ್ನೆಯಾಗಿರಲಿಲ್ಲ. 295ರಲ್ಲಿ, ಇಂದಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ, ನಿವೃತ್ತ ಸೈನಿಕನೊಬ್ಬನ ಮಗನಾದ 21 ವರ್ಷದ ಮ್ಯಾಕ್ಸಿಮಿಲಿಯನ್ ಎಂಬ ಯುವಕನು ರೋಮಿನ ಸೈನ್ಯಕ್ಕೆ ಸೇರಲು ಒಪ್ಪದೆ ಪ್ರಾಣ ಕಳೆದುಕೊಂಡನು. ವಿಚಾರಣೆಯಲ್ಲಿ ಅಧಿಕಾರಿಯು, ಚಕ್ರವರ್ತಿಗಳ ಕಾವಲು ಪಡೆಯಲ್ಲಿಯೇ ಕ್ರೈಸ್ತರಿದ್ದಾರಲ್ಲ, ನಿನಗೇನು ಎಂದು ಕೇಳಿದಾಗ, ತಮಗೆ ತಕ್ಕದ್ದು ಯಾವುದೆಂದು ಅವರಿಗೆ ಗೊತ್ತು, ನಾನಂತೂ ಕ್ರೈಸ್ತನು, ಕೆಟ್ಟದ್ದನ್ನು ಮಾಡಲಾರೆ ಎಂಬರ್ಥದ ಉತ್ತರ ಕೊಟ್ಟನು. ಸಾಯುವ ಹೊತ್ತಿನಲ್ಲಿಯೂ ಆತನು ಸೈನ್ಯದಲ್ಲಿದ್ದ ತನ್ನ ಕ್ರೈಸ್ತ ಸಹೋದರರಿಗೆ ತೀರ್ಪು ಕೊಡಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮುಂದಿನ ಶತಮಾನದ ತೂರ್ಸಿನ ಮಾರ್ಟಿನ್ ಸೈನಿಕನಾಗಿದ್ದವನು. ಬಿಡುಗಡೆ ಕೇಳಿದಾಗ ಅವನನ್ನು ಹೇಡಿಯೆಂದು ಜರಿದರು. ಹಾಗಾದರೆ ನಾಳೆ ಆಯುಧವಿಲ್ಲದೆ ಪಡೆಯ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ ಎಂದು ಅವನು ಉತ್ತರಿಸಿದನೆಂದು ಅವನ ಜೀವನಚರಿತ್ರೆ ಬರೆದ ಸುಲ್ಪೀಸಿಯಸ್ ಸೆವೆರಸ್ ಹೇಳುತ್ತಾನೆ. ಸಾಯಲು ಸಿದ್ಧ, ಕೊಲ್ಲಲು ಸಿದ್ಧನಲ್ಲ ಎಂಬ ಈ ನಿಲುವು ಕ್ರೈಸ್ತ ಪರಂಪರೆಯಲ್ಲಿ ಎಂದೂ ಪೂರ್ತಿ ಬತ್ತಲಿಲ್ಲ.

ಪ್ರಧಾನ ಧಾರೆ ಬೇರೆಯಾಗಿ ಹರಿಯಿತು. ಸುಮಾರು 418ರಲ್ಲಿ ಹಿಪ್ಪೋದ ಬಿಷಪನಾಗಿದ್ದ ಅಗಸ್ಟೀನನು ಉತ್ತರ ಆಫ್ರಿಕದ ಸೇನಾಧಿಕಾರಿ ಬೋನಿಫೇಸನಿಗೆ ಬರೆದ ಪತ್ರದಲ್ಲಿ, ಬಯಸಬೇಕಾದದ್ದು ಸಮಾಧಾನವನ್ನೇ, ಯುದ್ಧವು ಅನಿವಾರ್ಯವಾದಾಗ ಮಾತ್ರ ನಡೆಯತಕ್ಕದ್ದು, ಹೋರಾಡುವಾಗಲೂ ಸಮಾಧಾನಪಡಿಸುವವನಾಗಿರು ಎಂದು ತಿಳಿಸಿದನು. ದುರ್ಬಲನನ್ನು ತುಳಿಯುವವನನ್ನು ತಡೆಯಲು ಬಲ ಬಳಸುವುದು ನೆರೆಯವನ ಮೇಲಿನ ಪ್ರೀತಿಯ ಒಂದು ರೂಪವಾಗಬಹುದು ಎಂಬ ಆಲೋಚನೆ ಇಲ್ಲಿಂದ ಬೆಳೆಯಿತು. ನಾನು ಈ ಆಲೋಚನೆಯನ್ನು ಒಪ್ಪುತ್ತೇನೆ, ಹಗುರವಾಗಿ ಒಪ್ಪುವುದಿಲ್ಲ.

ಏಕೆ ಹಗುರವಾಗಿ ಅಲ್ಲ ಎಂಬುದನ್ನು ಹಳೆಯ ಸಭೆಯ ಎರಡು ಕಟ್ಟಳೆಗಳು ಚೆನ್ನಾಗಿ ತೋರಿಸುತ್ತವೆ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪರಾಗಿದ್ದ ಮಹಾ ಬಾಸಿಲರು (ಇದು ಕಪ್ಪದೋಕ್ಯದ ಕೈಸರೈಯ, ಕೊರ್ನೇಲ್ಯನ ಊರಲ್ಲ) ಯುದ್ಧದಲ್ಲಿ ಕೊಂದದ್ದನ್ನು ನಮ್ಮ ಹಿರಿಯರು ಕೊಲೆಯೆಂದು ಎಣಿಸಲಿಲ್ಲ ಎಂದು ಒಪ್ಪಿಕೊಂಡರು. ಆದರೂ ಕೊಂದವರ ಕೈಗಳು ಶುದ್ಧವಾಗಿಲ್ಲವಾದ್ದರಿಂದ ಮೂರು ವರ್ಷ ಅವರು ಪ್ರಭುಭೋಜನದಿಂದ (ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಸಂಸ್ಕಾರದಿಂದ) ದೂರವಿರುವಂತೆ ಸಲಹೆ ಕೊಡುವುದು ಒಳ್ಳೆಯದೆಂದು ಸೇರಿಸಿದರು. ಇನ್ನೊಂದು, ನಾರ್ಮನ್ನರು ಇಂಗ್ಲೆಂಡಿನ ಪಡೆಯನ್ನು ಸೋಲಿಸಿದ 1066ರ ಹೇಸ್ಟಿಂಗ್ಸ್ ಕದನಕ್ಕೆ ಸಂಬಂಧಿಸಿದ್ದು. ಗೆದ್ದ ನಾರ್ಮನ್ ಸೈನಿಕರಿಗೆ ಅವರದೇ ಬಿಷಪರು ಕದನದ ನಂತರದ ವರ್ಷಗಳಲ್ಲಿ ಪ್ರಾಯಶ್ಚಿತ್ತ ವಿಧಿಸಿದರು, ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡ್ ಅದನ್ನು ಸ್ಥಿರಪಡಿಸಿದರು. ಕೊಂದೆನೆಂದು ತಿಳಿದವನು ಪ್ರತಿಯೊಬ್ಬ ಸತ್ತವನಿಗೆ ಒಂದೊಂದು ವರ್ಷ. ಗಾಯಗೊಳಿಸಿದ್ದೇನೆ, ಸತ್ತನೋ ಇಲ್ಲವೋ ತಿಳಿಯದು ಎನ್ನುವವನು ಒಬ್ಬೊಬ್ಬನಿಗೆ ನಲವತ್ತು ದಿನ. ಎಷ್ಟು ಮಂದಿ ಬಿದ್ದರೆಂದು ತಿಳಿಯಲು ದಾರಿಯೇ ಇಲ್ಲದ ಬಿಲ್ಲುಗಾರರು ಮೂರು ತಪಸ್ಸು ಕಾಲಗಳು (ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ಉಪವಾಸದ ಕಾಲ). ಸೋತವರಿಗೆ ವಿಧಿಸಿದ ದಂಡನೆ ಇದಲ್ಲ, ಗೆದ್ದವರಿಗೆ ಅವರದೇ ಧರ್ಮಗುರುಗಳು ವಿಧಿಸಿದ್ದು. ದೂರದಿಂದ ಬಾಣ ಬಿಟ್ಟವನೂ ತನ್ನ ಬಾಣ ಎಲ್ಲಿ ಬಿತ್ತೆಂದು ತಿಳಿಯದಿದ್ದರೂ ಅದರ ಲೆಕ್ಕ ಹೊರಬೇಕೆಂದು ಯೋಚಿಸಿದವರು ಯುದ್ಧವನ್ನು ನಮಗಿಂತ ಸ್ಪಷ್ಟವಾಗಿ ಕಂಡಿದ್ದರೆಂದು ನನಗನ್ನಿಸುತ್ತದೆ.

ಇದನ್ನು ಸೈನಿಕರ ಮೇಲಿನ ಅನುಮಾನವೆಂದು ಓದಬಾರದು. ನಾವು ಸೈನಿಕನಿಂದ ಕೇಳುವುದು ಅವನ ಪ್ರಾಣವನ್ನಷ್ಟೇ ಎಂಬಂತೆ ಮಾತನಾಡುತ್ತೇವೆ. ಅದಕ್ಕೆ ಮೊದಲು ಇನ್ನೊಂದನ್ನು ಕೇಳುತ್ತೇವೆ: ನಮ್ಮ ಪರವಾಗಿ ಮತ್ತೊಬ್ಬ ತಾಯಿಯ ಮಗನನ್ನು ಕೊಲ್ಲು ಎಂದು ಕೇಳುತ್ತೇವೆ. ಸತ್ತವನ ಹೆಸರು ಕಲ್ಲಿನ ಮೇಲೆ ಏರುತ್ತದೆ. ಕೊಂದು ಬದುಕಿ ಬಂದವನು ತಾನು ಕೊಟ್ಟದ್ದನ್ನು ಎಲ್ಲಿ ಬರೆಸಬೇಕು? 1990ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, ಭಯದಿಂದಾದ ಗಾಯ ಬೇರೆ, ಮನಸ್ಸಾಕ್ಷಿಗಾದ ಗಾಯ ಬೇರೆ ಎಂದು ಗುರುತಿಸಿ ಬರೆದರು. ಬಾಸಿಲರ ಮೂರು ವರ್ಷಗಳು ಈ ಎರಡನೆಯ ಗಾಯವನ್ನು ಕಂಡುಕೊಂಡವರ ಉಪಾಯ. ಆ ಅವಧಿಗೆ ಒಂದು ಆರಂಭವಿತ್ತು, ಒಂದು ಕೊನೆಯೂ ಇತ್ತು, ಕೊನೆಯಲ್ಲಿ ರೊಟ್ಟಿಯೂ ಪಾತ್ರೆಯೂ ಇರುವ ಮೇಜಿಗೆ ಕರೆತರುವ ಸಭೆಯಿತ್ತು. ಹೊಗಳಿಕೆಯನ್ನಷ್ಟೇ ಕೊಟ್ಟು ಕಳುಹಿಸುವ ನಾವು ಅಷ್ಟನ್ನೂ ಕೊಡುತ್ತಿಲ್ಲ.

ಈ ಎಚ್ಚರ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಸಭೆಯ ಚರಿತ್ರೆಯೇ ಸಾಕ್ಷಿ. 1095ರಲ್ಲಿ ಫ್ರಾನ್ಸಿನ ಕ್ಲೆರ್ಮೋನಿನಲ್ಲಿ ಪೋಪ್ ಎರಡನೆಯ ಅರ್ಬನ್ ಜೆರೂಸಲೇಮಿನ ಯುದ್ಧಯಾತ್ರೆಗೆ ಕರೆಕೊಟ್ಟಾಗ, ಹೊರಟವರಿಗೆ ಪಾಪಪರಿಹಾರದ ಭರವಸೆಯನ್ನೂ ಕೊಟ್ಟರು. ಕೇಳಿದವರು ಬಟ್ಟೆಯ ಶಿಲುಬೆಗಳನ್ನು ಮೈಮೇಲೆ ಹೊಲಿದುಕೊಂಡರು. ಪ್ರಾಯಶ್ಚಿತ್ತ ಬೇಡುತ್ತಿದ್ದ ಕೆಲಸವೇ ಇಲ್ಲಿ ಪ್ರಾಯಶ್ಚಿತ್ತವಾಗಿಬಿಟ್ಟಿತು. ಮಹಾಯುದ್ಧಗಳಲ್ಲಿ ಜರ್ಮನಿಯ ಸಿಪಾಯಿಯ ಸೊಂಟಪಟ್ಟಿಯ ಬಿಲ್ಲೆಯ ಮೇಲೆ ದೇವರು ನಮ್ಮ ಸಂಗಡ ಎಂದು ಅಚ್ಚೊತ್ತಿತ್ತು, ಎದುರು ಕಂದಕದಲ್ಲಿದ್ದವನೂ ಅದೇ ದೇವರಿಗೆ ಪ್ರಾರ್ಥಿಸಿಯೇ ಮೇಲೆದ್ದು ಬರುತ್ತಿದ್ದನು. 1865ರ ಮಾರ್ಚ್ 4ರಂದು, ಗುಲಾಮಗಿರಿಯನ್ನು ಉಳಿಸಿಕೊಳ್ಳಬಯಸಿದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ನಡುವಿನ ಅಮೆರಿಕದ ಅಂತರ್ಯುದ್ಧ ಇನ್ನೂ ಮುಗಿಯದಿದ್ದಾಗ, ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡನೆಯ ಬಾರಿ ಪ್ರಮಾಣವಚನ ಸ್ವೀಕರಿಸಿ ಮಾತನಾಡುತ್ತಾ, ಇಬ್ಬರೂ ಓದುವುದು ಒಂದೇ ಬೈಬಲನ್ನು, ಪ್ರಾರ್ಥಿಸುವುದು ಒಬ್ಬನೇ ದೇವರನ್ನು, ಇನ್ನೊಬ್ಬರ ವಿರುದ್ಧ ಸಹಾಯ ಬೇಡುವುದೂ ಅವನನ್ನೇ ಎಂದರು. ಗೆಲುವು ಕೈಗೆಟುಕುವಷ್ಟು ಹತ್ತಿರವಿದ್ದಾಗ, ದೇವರು ನಮ್ಮ ಕಡೆಗಿದ್ದಾನೆ ಎಂದು ಘೋಷಿಸಲು ಒಪ್ಪದ ರಾಜಕಾರಣಿಯ ಭಾಷಣವದು. ಗುಲಾಮಗಿರಿಯ ಪಾಪದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಪಾಲಿದೆಯೆಂದು ಅವರು ಕಂಡರು.

ಹಾಗಾದರೆ ಸೈನಿಕನ ಸಾವಿಗೂ ಕ್ರಿಸ್ತನ ಸಾವಿಗೂ ಏನು ವ್ಯತ್ಯಾಸ? ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಇದನ್ನು ನೇರವಾಗಿ ಎದುರಿಸುತ್ತಾನೆ. ನೀತಿವಂತನಿಗಾಗಿ ಪ್ರಾಣ ಕೊಡುವವರು ಸಿಕ್ಕುವುದು ಅಪರೂಪ. ಒಳ್ಳೆಯವನಿಗಾಗಿ ಒಂದು ವೇಳೆ ಯಾರಾದರೂ ಧೈರ್ಯ ಮಾಡಿಯಾರು. ಕ್ರಿಸ್ತನಾದರೋ ನಾವು ಇನ್ನೂ ವೈರಿಗಳಾಗಿದ್ದಾಗಲೇ ಸತ್ತನು ಎನ್ನುತ್ತಾನೆ. ಸೈನಿಕನು ತನ್ನವರಿಗಾಗಿ ಸಾಯುತ್ತಾನೆ, ಅದು ದೊಡ್ಡದು. ಕ್ರಿಸ್ತನು ತನ್ನನ್ನು ಕೊಲ್ಲುತ್ತಿದ್ದವರಿಗಾಗಿ ಸತ್ತನು, ಅದು ಬೇರೆ ಜಾತಿಯದು. ಆ ಸಾವು ಒಂದೇ ಸಾರಿ ಎಲ್ಲರಿಗೋಸ್ಕರ ನಡೆದದ್ದು, ಅದಕ್ಕೆ ಮತ್ತೊಂದು ಬಲಿಯನ್ನು ಕೂಡಿಸಬೇಕಾಗಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರ ಸಾರುತ್ತದೆ. ಇದರಿಂದ ಸೈನಿಕನ ಸಾವು ಚಿಕ್ಕದಾಗುವುದಿಲ್ಲ. ಅವನು ಹೊರಬೇಕಾಗಿಲ್ಲದ ಹೊರೆಯಿಂದ ಅವನಿಗೆ ಬಿಡುಗಡೆಯಾಗುತ್ತದೆ. ದೇಶದ ಪಾಪವನ್ನು ತೊಳೆಯುವ ಕೆಲಸ ಹತ್ತೊಂಬತ್ತು ವರ್ಷದ ಹುಡುಗನದಲ್ಲ. ಸೈನಿಕರ ರಕ್ತದಿಂದ ರಾಷ್ಟ್ರವು ಪುನೀತವಾಯಿತು ಎಂದು ವೇದಿಕೆಗಳಿಂದ ಕೇಳಿದಾಗ ಕ್ರೈಸ್ತನಾದವನು ಬೆಚ್ಚಬೇಕು, ಏಕೆಂದರೆ ರಕ್ತದಿಂದ ಪುನೀತವಾಗುವ ರಾಷ್ಟ್ರಕ್ಕೆ ಇನ್ನಷ್ಟು ರಕ್ತ ಬೇಕಾಗುವ ದಿನ ದೂರವಿರುವುದಿಲ್ಲ.

ಇನ್ನು ಸ್ವಾತಂತ್ರ್ಯದ ವಿಷಯ. ಶಾಸ್ತ್ರದಲ್ಲಿ ಬಿಡುಗಡೆಗೆ ಯಾವಾಗಲೂ ಒಂದು ದಿಕ್ಕಿರುತ್ತದೆ. ಇಸ್ರಾಯೇಲ್ಯರನ್ನು ಗುಲಾಮರನ್ನಾಗಿಸಿದ್ದ ಐಗುಪ್ತದ ಅರಸ ಫರೋಹನ ಮುಂದೆ ಮೋಶೆಯು ನಿಂತು ದೇವರ ಹೆಸರಿನಲ್ಲಿ ಹೇಳಿದ್ದು ನನ್ನ ಜನರನ್ನು ಬಿಟ್ಟುಬಿಡು ಎಂದಷ್ಟೇ ಅಲ್ಲ, ಅವರು ನನ್ನನ್ನು ಸೇವಿಸುವಂತೆ ಬಿಟ್ಟುಬಿಡು ಎಂದು. ಪೌಲನು ಗಲಾತ್ಯದವರಿಗೆ, ನೀವು ಸ್ವತಂತ್ರರಾಗಿರುವುದಕ್ಕೆ ಕರೆಯಲ್ಪಟ್ಟಿರಿ, ಆ ಸ್ವಾತಂತ್ರ್ಯವನ್ನು ಸ್ವಾರ್ಥಕ್ಕೆ ಬಳಸದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿರಿ ಎಂದು ಬರೆದನು. ಈ ಅರ್ಥದ ಸ್ವಾತಂತ್ರ್ಯವನ್ನು ಯಾವ ಸೈನ್ಯವೂ ಗೆದ್ದುಕೊಡಲಾರದು, ಯಾವ ಸೈನ್ಯವೂ ಕಸಿದುಕೊಳ್ಳಲಾರದು. ಪೌಲನೇ ಸೆರೆಮನೆಯಿಂದ ಸಂತೋಷದ ಪತ್ರ ಬರೆದವನು. ಆದರೆ ಇದನ್ನು ಹೇಳಿ ರಾಜಕೀಯ ಸ್ವಾತಂತ್ರ್ಯವನ್ನು ತಾತ್ಸಾರ ಮಾಡುವ ಬೋಧಕರೊಂದಿಗೆ ನಾನಿಲ್ಲ. ಬೆನ್ನ ಮೇಲಿನ ಚಾಟಿ ಕಣ್ಮರೆಯಾಗುವುದು ಆತ್ಮಕ್ಕೆ ಸಂಬಂಧಿಸಿದ್ದಲ್ಲ ಎಂದು ಹೇಳಬಲ್ಲವನು ಚಾಟಿಯೇಟು ತಿಂದಿರುವುದಿಲ್ಲ.

ತಿಂದವರು ಸೈನಿಕರ ತ್ಯಾಗವನ್ನು ಹೇಗೆ ನೆನೆದರೆಂಬುದಕ್ಕೆ 1865ರ ಮೇ 1ರಂದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿನ ಕುದುರೆ ಪಂದ್ಯದ ಮೈದಾನವನ್ನು ದಕ್ಷಿಣದ ಒಕ್ಕೂಟದವರು ಬಯಲು ಸೆರೆಮನೆಯನ್ನಾಗಿ ಮಾಡಿದ್ದರು. ಉತ್ತರದ ಸೈನ್ಯದ ಕೈದಿಗಳು ಅಲ್ಲಿ ಬಿಸಿಲಿಗೂ ರೋಗಕ್ಕೂ ಸಿಕ್ಕಿ ಸತ್ತರು. ಕನಿಷ್ಠ 257 ಮಂದಿಯನ್ನು ಪ್ರೇಕ್ಷಕರ ಅಟ್ಟಣೆಯ ಹಿಂದೆ ಒಟ್ಟೊಟ್ಟಿಗೆ ಹೂಳಲಾಗಿತ್ತು. ನಗರ ಬಿದ್ದ ಮೇಲೆ, ಕೆಲವೇ ತಿಂಗಳ ಹಿಂದೆ ಗುಲಾಮರಾಗಿದ್ದ ಕಪ್ಪು ಜನರು ಆ ದೇಹಗಳನ್ನು ತೆಗೆದು ಒಂದೊಂದನ್ನೂ ಬೇರೆ ಬೇರೆ ಸಮಾಧಿಯಲ್ಲಿಟ್ಟರು, ಸುತ್ತಲೂ ಬೇಲಿ ಕಟ್ಟಿ ಸುಣ್ಣ ಬಳಿದರು, ಬಾಗಿಲ ಕಮಾನಿನ ಮೇಲೆ ಪಂದ್ಯದ ಮೈದಾನದ ಹುತಾತ್ಮರು ಎಂದು ಬರೆಸಿದರು. ಆ ದಿನ ಸುಮಾರು 10,000 ಜನ ಮೆರವಣಿಗೆಯಲ್ಲಿ ಬಂದರು. ಮುಂದೆ ನಡೆದವರು ಸುಮಾರು 3,000 ಶಾಲಾ ಮಕ್ಕಳು, ಕೈತುಂಬ ಗುಲಾಬಿ ಹಿಡಿದು. ಕಪ್ಪು ಬೋಧಕರು ಶಾಸ್ತ್ರ ಓದಿದರು, ಜನರು ಹಾಡಿದರು, ಸಮಾಧಿಗಳು ಹೂವಿನಲ್ಲಿ ಮುಚ್ಚಿಹೋದವು.

ಗುಲಾಮರ ಮಕ್ಕಳನ್ನು ಓದಿಸುವುದೇ ಅಪರಾಧವಾಗಿದ್ದ ನೆಲದಲ್ಲಿ ಶಾಲೆಯ ಮಕ್ಕಳು ಮುಂದೆ ನಡೆದರು. ಸ್ವಾತಂತ್ರ್ಯವನ್ನು ಏನಕ್ಕೆ ಬಳಸಬೇಕೆಂಬ ಪೌಲನ ಪ್ರಶ್ನೆಗೆ ಇದಕ್ಕಿಂತ ತುಂಬಿದ ಉತ್ತರ ನನಗೆ ತಿಳಿಯದು. ತಮ್ಮ ಬಿಡುಗಡೆಯ ಮೊದಲ ದಿನಗಳ ದುಡಿಮೆಯನ್ನು ಅವರು ಅಪರಿಚಿತರ ಎಲುಬುಗಳಿಗೆ ಮರ್ಯಾದೆ ಕೊಡಲು ಖರ್ಚು ಮಾಡಿದರು, ಬಂದ ಸ್ವಾತಂತ್ರ್ಯವನ್ನು ದೇವರ ಮುಂದೆ ತಂದು ಸುರಿದರು. ಇನ್ನೊಂದನ್ನೂ ಮರೆಯಬಾರದು. ಆ ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಸಮವಸ್ತ್ರ ತೊಟ್ಟಿದ್ದರು. ಅವರು ಬೇರೆಯವರ ತ್ಯಾಗದ ಫಲವನ್ನು ಉಂಡವರಷ್ಟೇ ಅಲ್ಲ, ತ್ಯಾಗ ಮಾಡಿದವರು. ಆದರೂ ಅವರಿಗೆ ದೊರೆತ ಸ್ವಾತಂತ್ರ್ಯವನ್ನು ಮುಂದಿನ ಹಲವು ದಶಕಗಳಲ್ಲಿ ಒಂದೊಂದಾಗಿ ಕಿತ್ತುಕೊಂಡವರು ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದರು. ಸತ್ತ ಸೈನಿಕರನ್ನು ಹೊಗಳುತ್ತಲೇ ಅವರು ಯಾವುದಕ್ಕಾಗಿ ಸತ್ತರೋ ಅದನ್ನು ಹಾಳುಮಾಡಲು ಸಾಧ್ಯ.

ಕತ್ತಿಯಿಲ್ಲದೆಯೂ ಸೈನಿಕನ ಬಲಿದಾನ ಸಾಧ್ಯವೆಂಬುದನ್ನು ಎರಡನೆಯ ಮಹಾಯುದ್ಧ ಹಲವು ಸಾರಿ ತೋರಿಸಿತು. 1943ರ ಫೆಬ್ರವರಿ 3ರ ನಡುರಾತ್ರಿ ಕಳೆದ ಮೇಲೆ, ಗ್ರೀನ್‌ಲ್ಯಾಂಡಿನ ಬಳಿ, ಅಮೆರಿಕದ ಪಡೆಗಳನ್ನು ಸಾಗಿಸುತ್ತಿದ್ದ ಡಾರ್ಚೆಸ್ಟರ್ ಹಡಗಿಗೆ ಜರ್ಮನಿಯ ಜಲಾಂತರ್ಗಾಮಿಯ ಟಾರ್ಪೆಡೋ ಬಡಿಯಿತು. ದೀಪಗಳು ಆರಿದವು. ಒಳಗಿದ್ದ ಸುಮಾರು 900 ಜನರಲ್ಲಿ ಅನೇಕರು ತೇಲುಕವಚವಿಲ್ಲದೆ ಮೇಲ್ಮಾಳಿಗೆಗೆ ಓಡಿಬಂದರು. ಹಡಗಿನಲ್ಲಿದ್ದ ನಾಲ್ವರು ಸೇನಾ ಧರ್ಮಗುರುಗಳು, ಮೆಥೊಡಿಸ್ಟ್ ಜಾರ್ಜ್ ಫಾಕ್ಸ್, ಯೆಹೂದಿ ರಬ್ಬಿ ಅಲೆಕ್ಸಾಂಡರ್ ಗೂಡ್, ರಿಫಾರ್ಮ್ಡ್ ಸಭೆಯ ಕ್ಲಾರ್ಕ್ ಪೋಲಿಂಗ್, ಕಥೊಲಿಕ ಗುರು ಜಾನ್ ವಾಷಿಂಗ್ಟನ್, ಪೆಟ್ಟಿಗೆಯಲ್ಲಿದ್ದ ಕವಚಗಳನ್ನು ಹಂಚಿದರು; ಅವು ಮುಗಿದಾಗ ತಮ್ಮ ಮೈಮೇಲಿದ್ದವನ್ನು ಬಿಚ್ಚಿ ಮುಂದೆ ನಿಂತವರಿಗೆ ತೊಡಿಸಿದರು. ತೆಗೆದುಕೊಳ್ಳುವವನ ಮತ ಯಾವುದೆಂದು ಯಾರೂ ಕೇಳಲಿಲ್ಲ. ತೋಳಿಗೆ ತೋಳು ಸೇರಿಸಿ ಪ್ರಾರ್ಥಿಸುತ್ತಾ ಹಡಗಿನೊಂದಿಗೆ ಮುಳುಗಿದರೆಂದು ಬದುಕಿ ಉಳಿದ ಸುಮಾರು 230 ಜನರಲ್ಲಿ ಕೆಲವರು ಹೇಳಿದರು. ಕಲ್ಲಿಗೆ ಕೆತ್ತಿದ ಆ ಯೋಹಾನನ ವಚನವನ್ನು ನಾಲ್ವರಲ್ಲಿ ಒಬ್ಬರು ತಮ್ಮ ಶಾಸ್ತ್ರವೆಂದು ಓದಿದವರಲ್ಲ. ಓದಿದವರೊಂದಿಗೆ ಅದನ್ನು ನೆರವೇರಿಸಿದರು.

ಎರಡು ವರ್ಷದ ನಂತರ, 1945ರ ಮೇ ತಿಂಗಳಲ್ಲಿ, ಒಕಿನಾವಾದ ಕಡಿದಾದ ಬೆಟ್ಟದಂಚಿನಲ್ಲಿ ಡೆಸ್ಮಂಡ್ ಡಾಸ್ ಎಂಬ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ವೈದ್ಯಕೀಯ ಸಿಪಾಯಿ, ಬಂದೂಕು ಮುಟ್ಟಲು ಮೊದಲಿನಿಂದಲೂ ಒಪ್ಪದವನು, ಗುಂಡಿನ ಮಳೆಯಡಿಯಲ್ಲಿ ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹಗ್ಗದಲ್ಲಿ ಕೆಳಗಿಳಿಸಿದನು. ಹೀಗೆ ಉಳಿದವರು 75 ಮಂದಿಯೆಂದು ಸೈನ್ಯವೇ ದಾಖಲಿಸಿ ತನ್ನ ಅತ್ಯುನ್ನತ ಪದಕ ನೀಡಿತು. ಇದೇ ಸಾಲಿನಲ್ಲಿ ನಾನು ಸೈನ್ಯವೇ ತಲೆ ತೆಗೆದ ಒಬ್ಬನ ಹೆಸರನ್ನೂ ಸೇರಿಸುತ್ತೇನೆ. ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್, ಹೆಂಡತಿಯೂ ಎಳೆಯ ಹೆಣ್ಣುಮಕ್ಕಳೂ ಇದ್ದವನು, ಹಿಟ್ಲರನ ಯುದ್ಧ ಅನ್ಯಾಯದ್ದೆಂದು ಕಂಡು ಅದರಲ್ಲಿ ಹೋರಾಡಲು ನಿರಾಕರಿಸಿದ್ದಕ್ಕೆ 1943ರ ಆಗಸ್ಟ್ 9ರಂದು ಮರಣದಂಡನೆಗೆ ಗುರಿಯಾದನು. ಸಭೆಯ ಹಿರಿಯರು ಕೂಡ ಕುಟುಂಬವನ್ನು ನೆನೆದು ವಿಧೇಯನಾಗು ಎಂದು ಅವನಿಗೆ ಬುದ್ಧಿ ಹೇಳಿದ್ದರು. 2007ರಲ್ಲಿ ಕಥೊಲಿಕ ಸಭೆ ಅವನನ್ನು ಧನ್ಯನೆಂದು ಘೋಷಿಸಿತು. ಸ್ವಾತಂತ್ರ್ಯಕ್ಕಾಗಿ ಸತ್ತ ಸೈನಿಕರನ್ನು ನೆನೆಯುವ ದಿನ, ಅನ್ಯಾಯಕ್ಕಾಗಿ ಕೊಲ್ಲಲಾರೆನೆಂದು ಸತ್ತವನಿಗೂ ಜಾಗವಿರಬೇಕು, ಏಕೆಂದರೆ ಮನಸ್ಸಾಕ್ಷಿಯನ್ನು ಒತ್ತೆಯಿಡದ ಹಕ್ಕೇ ಇಲ್ಲದಿದ್ದರೆ ಉಳಿದವರು ಕಾಪಾಡಿದ್ದಾದರೂ ಏನನ್ನು?

ಈಗ ದಾವೀದನ ಕಡೆಗೆ ಮರಳಬೇಕು. ಸಮುವೇಲನ ಎರಡನೆಯ ಗ್ರಂಥದ 11ನೆಯ ಅಧ್ಯಾಯದಲ್ಲಿ, ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ದಾವೀದನು ಮಾತ್ರ ಜೆರೂಸಲೇಮಿನಲ್ಲಿ ಉಳಿದು, ಪಡೆಯನ್ನು ಸೇನಾಪತಿ ಯೋವಾಬನೊಂದಿಗೆ ಕಳುಹಿಸುತ್ತಾನೆ. ಅಲ್ಲಿ ತನ್ನ ಸೈನಿಕನೊಬ್ಬನ ಹೆಂಡತಿಯಾದ ಬತ್ಷೆಬೆಯನ್ನು ಕರೆಸಿಕೊಂಡು ಕೂಡುತ್ತಾನೆ, ಅವಳು ಬಸುರಾಗುತ್ತಾಳೆ. ಇದನ್ನು ನಾವು ಬತ್ಷೆಬೆಯ ಪ್ರಸಂಗವೆಂದು ಓದುತ್ತೇವೆ. ಅವಳ ಗಂಡನಾದ ಹಿತ್ತಿಯನಾದ ಊರೀಯನ ಪ್ರಸಂಗವೆಂದೂ ಓದಬೇಕು. ತನ್ನ ಪಾಪವನ್ನು ಮುಚ್ಚಲು ಅರಸನು ಅವನನ್ನು ರಣರಂಗದಿಂದ ಕರೆಸಿ ಮನೆಗೆ ಹೋಗೆನ್ನುತ್ತಾನೆ. ದೇವರ ಒಡಂಬಡಿಕೆಯ ಮಂಜೂಷವೂ ಸೈನ್ಯವೂ ಡೇರೆಗಳಲ್ಲಿರುವಾಗ, ನನ್ನ ಒಡೆಯ ಯೋವಾಬನು ಬಯಲಿನಲ್ಲಿ ಮಲಗಿರುವಾಗ, ನಾನು ಮನೆಗೆ ಹೋಗಿ ಉಂಡು ಕುಡಿದು ಹೆಂಡತಿಯೊಂದಿಗಿರಲೇ ಎಂದು ಊರೀಯನು ಅರಮನೆಯ ಬಾಗಿಲಲ್ಲೇ ಮಲಗುತ್ತಾನೆ. ಕುಡಿಯಲೇ ಎಂದು ಒಮ್ಮೆ ದಾವೀದನು ಕೇಳಿದ್ದ ಪ್ರಶ್ನೆಯನ್ನು ಈಗ ಸೈನಿಕನು ಕೇಳುತ್ತಿದ್ದಾನೆ, ಅರಸನಿಗೆ ಅದು ಕೇಳಿಸುತ್ತಿಲ್ಲ. ಯುದ್ಧ ಬಿರುಸಾಗಿರುವಲ್ಲಿ ಇವನನ್ನು ಮುಂದೆ ನಿಲ್ಲಿಸಿ ಹಿಂದೆ ಸರಿಯಿರಿ ಎಂದು ಬರೆದ ಪತ್ರವನ್ನು ಅರಸನು ಊರೀಯನ ಕೈಯಲ್ಲೇ ಕಳುಹಿಸುತ್ತಾನೆ. ಅವನೊಂದಿಗೆ ಬೇರೆ ಸೈನಿಕರೂ ಸಾಯುತ್ತಾರೆ. ಸುದ್ದಿ ಬಂದಾಗ ದಾವೀದನು ಯೋವಾಬನಿಗೆ ಕಳುಹಿಸಿದ ಸಮಾಧಾನದ ಮಾತು: ಇದಕ್ಕಾಗಿ ವ್ಯಸನಪಡಬೇಡ, ಕತ್ತಿಯು ಈಹೊತ್ತು ಒಬ್ಬನನ್ನು ತಿನ್ನುತ್ತದೆ, ನಾಳೆ ಇನ್ನೊಬ್ಬನನ್ನು.

ಅಧಿಕಾರದಲ್ಲಿರುವವರು ಸೈನಿಕರ ಸಾವಿನ ಬಗ್ಗೆ ಆಡುವ ಅತಿ ಹಳೆಯ ಮಾತು ಇದು, ಇಂದಿಗೂ ಬಳಕೆಯಲ್ಲಿದೆ. ಪ್ರವಾದಿಯಾದ ನಾತಾನನು ಇದನ್ನು ಒಪ್ಪಲಿಲ್ಲ. ಅಮ್ಮೋನಿಯರ ಕತ್ತಿಯಿಂದ ಊರೀಯನನ್ನು ಕೊಲ್ಲಿಸಿದವನು ನೀನೇ ಎಂದು ಅರಸನ ಮುಖಕ್ಕೆ ಹೇಳಿದನು. ಸೈನಿಕನನ್ನು ಗೌರವಿಸುವ ಸಭೆಯ ಕೆಲಸದಲ್ಲಿ ನಾತಾನನ ಕೆಲಸವೂ ಸೇರಿದೆ. ಸುಳ್ಳಿಗಾಗಿ, ಸಿಂಹಾಸನದ ಮಾನಕ್ಕಾಗಿ, ಚುನಾವಣೆಯ ಲೆಕ್ಕಕ್ಕಾಗಿ ಮುಂದಿನ ಸಾಲಿಗೆ ಕಳುಹಿಸಲ್ಪಟ್ಟ ಪ್ರತಿಯೊಬ್ಬನ ಬಗ್ಗೆ, ಕಳುಹಿಸಿದವರು ಅಧಿಕಾರದಲ್ಲಿರುವಾಗಲೇ ಹೆಸರು ಹಿಡಿದು ಕೇಳಬೇಕು. ಸತ್ತ ಮೇಲೆ ಹೂವಿಡುವುದು ಇದಕ್ಕೆ ಬದಲಾಗುವುದಿಲ್ಲ.

ನೀರಿನ ಪ್ರಸಂಗವಿರುವ 23ನೆಯ ಅಧ್ಯಾಯವೇ ದಾವೀದನ ಯೋಧರ ಹೆಸರುಗಳ ಪಟ್ಟಿಯೊಂದಿಗೆ ಮುಗಿಯುತ್ತದೆ. ಆ ಪಟ್ಟಿಯ ಕೊನೆಯ ಹೆಸರು ಹಿತ್ತಿಯನಾದ ಊರೀಯ. ಬರೆದವರು ಅದನ್ನು ಬಿಡಬಹುದಾಗಿತ್ತು, ಅರಸನ ಮಾನ ಉಳಿಯುತ್ತಿತ್ತು, ಬಿಡಲಿಲ್ಲ. ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗಲೂ ದಾವೀದನ ಮಗ ಸೊಲೊಮೋನನು ಊರೀಯನ ಹೆಂಡತಿಯಾಗಿದ್ದವಳಲ್ಲಿ ಹುಟ್ಟಿದನೆಂದೇ ಬರೆದನು. ಹೀಗೆ ಹೊಸ ಒಡಂಬಡಿಕೆಯ ಮೊದಲ ಪುಟದಲ್ಲಿ, ರಕ್ಷಕನ ಪೂರ್ವಜರ ಸಾಲಿನ ನಡುವೆ, ತನ್ನ ಅರಸನಿಂದಲೇ ಮೋಸಹೋದ ಪರಕುಲದ ಸಿಪಾಯಿಯೊಬ್ಬನ ಹೆಸರು ನಿಂತಿದೆ.

ಸ್ಮರಣೆಯ ಆರಾಧನೆಯನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆಯಿದೆ. ಸತ್ತವರ ಹೆಸರುಗಳನ್ನು ಓದಿರಿ, ಪೂರ್ತಿಯಾಗಿ ಓದಿರಿ. ಎದುರು ಪಕ್ಷದಲ್ಲಿ ಸತ್ತವರಿಗಾಗಿಯೂ ಪ್ರಾರ್ಥಿಸಿರಿ. ವೈರಿಗಳನ್ನು ಪ್ರೀತಿಸಿರಿ ಎಂಬ ಆಜ್ಞೆಗೆ ಸೈನಿಕರ ದಿನ ರಜೆಯಿಲ್ಲ. ಅನಂತರ, ಬದುಕಿ ಬಂದವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ, ಅವರನ್ನು ಎಬ್ಬಿಸಿ ಚಪ್ಪಾಳೆ ತಟ್ಟಿಸುವುದಕ್ಕೆ ಮೊದಲು ಅವರಿಗೆ ಅದು ಬೇಕೇ ಎಂದು ಕೇಳಿರಿ. ಕೆಲವರಿಗೆ ಬೇಕಾಗಿರಬಹುದು. ಇನ್ನು ಕೆಲವರಿಗೆ ತಾವು ಮಾಡಿದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಒಬ್ಬ ಸಭಾಪಾಲಕನೂ ಮುಚ್ಚಿದ ಬಾಗಿಲೂ ತೀರ್ಪು ಕೊಡದ ಒಂದು ಕಿವಿಯೂ ಬೇಕಾಗಿರುತ್ತದೆ, ಮತ್ತು ಅದು ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವಲ್ಲ. ಬಾಸಿಲರು ಅದಕ್ಕೆ ಮೂರು ವರ್ಷವಿಟ್ಟಿದ್ದರು. ನಮ್ಮ ಸಭೆಗಳು ಎಷ್ಟು ಕಾಲವನ್ನು ಎತ್ತಿಡಲು ಸಿದ್ಧವಿವೆ ಎಂಬುದನ್ನು ಮುಂದಿನ ಸ್ಮರಣೆಯ ದಿನ ಬರುವ ಮೊದಲೇ ತೀರ್ಮಾನಿಸಬೇಕು.